ಕಳಸಾಪುರದಾಕಿಯ ಗುಳಿಗೆ

ಬೆಟಗೇರಿಯ ನೇಕಾರ ಓಣಿಯಲ್ಲಿ ಸೊಸೆಯಂದಿರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಯಾವ ಊರಿಂದ ಬಂದಳೋ ಆ ಊರೇ ಅವಳ ಹೆಸರು. ಪಕ್ಕದ ಓಣಿಯಲ್ಲೂ ಅದೇ ರೂಢಿ. ನರ್ಸ್ ಫರ್ಹಾನಾ ಅಲ್ಲಿಗೆ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಅತ್ತೆಯ ಬಾಯಲ್ಲಿ ಇನ್ನೂ ಲಕ್ಷ್ಮೇಶ್ವರದಾಕಿ. ಆರೋಗ್ಯ ಕೇಂದ್ರದಲ್ಲಿ ಮಾತ್ರ ಅವಳು ಫರ್ಹಾನಾ ಸಿಸ್ಟರ್. ರೋಗಿಗಳನ್ನೂ ಅವಳು ಹೆಸರಿನಿಂದಲೇ ಕೂಗುತ್ತಿದ್ದಳು. ತಮ್ಮ ಹೆಸರು ಕೇಳಿ ರೂಢಿಯಿಲ್ಲದ ಹೆಂಗಸರು ತಡವಾಗಿ ಓಗೊಡುತ್ತಿದ್ದರು.

ಲಕ್ಷ್ಮೀದೇವಿಯೂ ಹಾಗೆ ತಡವಾಗಿ ಎದ್ದು ಬಂದವಳು. ಕಳಸಾಪುರದ ಮಗಳು, ಮಗ್ಗದ ಮನೆಯ ಸೊಸೆ. ಅವಳದು ಕೊರಳಗಂಟಿನ ಕ್ಷಯ, ಒಬ್ಬರಿಂದೊಬ್ಬರಿಗೆ ಹರಡುವಂಥದ್ದಲ್ಲ. ಆದರೆ ಕ್ಷಯವೆಂಬ ಮಾತು ಹರಡುತ್ತದೆ. ಆದ್ದರಿಂದ ಅವಳು ಅತ್ತೆ ಯಮನವ್ವನಿಗೆ ಹೇಳಿರಲಿಲ್ಲ. ಸೆರಗಿನಲ್ಲಿ ಕೊರಳು ಮುಚ್ಚಿಕೊಂಡು, ಹಾಲು ತರುವ ನೆಪದಲ್ಲಿ ದಿನವೂ ಬಂದು ಫರ್ಹಾನಾಳ ಎದುರಿಗೇ ಗುಳಿಗೆ ನುಂಗಿ ಹೋಗುತ್ತಿದ್ದಳು.

ನೇಕಾರರ ಕ್ಷಯದ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಆನಂದ ರೋಗಿಗಳ ಮಾಹಿತಿ ಕೇಳಿಕೊಂಡು ಬಂದಾಗ, ಔಷಧಿ ಕೊಡುವ ಶಕೀಲ ಇಲ್ಲದ ಉಸಾಬರಿ ಎಂದ. ಹಿರಿಯ ಡಾಕ್ಟರು, ಕೊಟ್ಟುಬಿಡಿ, ಯಾರು ಓದುತ್ತಾರೆ ಎಂದರು. ಮನಸ್ಸಿಟ್ಟು ಒಪ್ಪಿದವಳು ಫರ್ಹಾನಾ ಒಬ್ಬಳೇ. ಅವಳ ತಂದೆ ಮುರ್ತುಜಾ ಜೀವನವಿಡೀ ಹತ್ತಿ ಹಿಂಜಿ, ಕೆಮ್ಮಿ ಕೆಮ್ಮಿ ಸತ್ತಿದ್ದ. ಏಕೆ ಎಂದು ಯಾರೂ ಕೇಳಿರಲಿಲ್ಲ. ಈಗ ಒಬ್ಬರು ಕೇಳಲು ಬಂದಿದ್ದರು.

ಲಕ್ಷ್ಮೀದೇವಿ ಮಾತ್ರ ಅಂಜಿದಳು. "ನಮ್ಮತ್ತೀಗೆ ಗೊತ್ತಾದ್ರ ಏನ್ ಮಾಡ್ಲಿ ಅಕ್ಕಾರ?"

"ಹೆಸರು ತಗದ ಕೊಡ್ತೀವಿ. ನೀ ಯಾರಂತ ಯಾರಿಗೂ ತಿಳ್ಯಂಗಿಲ್ಲ."

ಹೆಸರುಗಳನ್ನು ಫರ್ಹಾನಾ ತಾನೇ ಕುಳಿತು ಅಳಿಸಿದಳು. ಹುಟ್ಟಿದ ಊರು ಉಳಿಯಿತು. ರೋಗ ತವರಿನಿಂದ ಬಂತೋ ಮಗ್ಗದಿಂದ ಬಂತೋ ತಿಳಿಯಲು ಆನಂದರಿಗೆ ಅದು ಬೇಕಾಗಿತ್ತು. ಮನೆಯವರಿಗೆ ತಿಳಿಸಿಲ್ಲ ಎಂದು ಚೀಟಿಯಲ್ಲಿ ಬರೆದಿದ್ದದ್ದೂ ಹಾಗೇ ಉಳಿಯಿತು.

ಗದಗಿನಲ್ಲಿ ಸಭೆ ನಡೆಯಿತು. ಓಣಿಯ ಆಶಾ ಕಾರ್ಯಕರ್ತೆಯರನ್ನೂ ಕರೆದಿದ್ದರು. ಪರದೆಯ ಮುಂದೆ ನಿಂತು ಆನಂದ ಒಬ್ಬಳ ಉದಾಹರಣೆ ಕೊಟ್ಟರು: ಕಳಸಾಪುರದಲ್ಲಿ ಹುಟ್ಟಿದವಳು, ಮದುವೆಯಾಗಿ ಬೆಟಗೇರಿಗೆ ಬಂದು ಮಗ್ಗ ನೇಯುವವಳು, ಮನೆಯಲ್ಲಿ ಮುಚ್ಚಿಟ್ಟು ಔಷಧಿ ನುಂಗುವವಳು. ಫರ್ಹಾನಾಳ ಹಿಂದಿನ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳನ್ನು ತಿವಿದಳು.

"ಏ, ನಮ್ಮ ಓಣ್ಯಾನ ಕಳಸಾಪುರದಾಕಿನ ಇದು."

ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಗುರುತು ಹತ್ತಿದ ಸಂತೋಷವಷ್ಟೇ ಇತ್ತು.

ಮರುದಿನ ಲಕ್ಷ್ಮೀದೇವಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫರ್ಹಾನಾ ಮನೆಗೇ ಹೋದಳು. ಯಮನವ್ವ ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಿಂದ ಮೇಲೇಳದೆ, ಸೊಸೆಯನ್ನು ತವರಿಗೆ ಕಳಿಸಿರುವುದಾಗಿ ಹೇಳಿದಳು. ರೋಗ ಅಂಟುವಂಥದ್ದಲ್ಲ ಎಂದು ಫರ್ಹಾನಾ ವಿವರಿಸಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡಳು.

"ಬ್ಯಾನಿ ಬಂದದ್ದಕ್ಕ ಸಿಟ್ಟಿಲ್ಲರಿ. ಓಣಿಗೆಲ್ಲ ಗೊತ್ತಿದ್ದದ್ದು ನನಗ ಗೊತ್ತಿಲ್ಲಂದ್ರ, ಈ ಮನ್ಯಾಗ ನಾ ಯಾರು?"

ಫರ್ಹಾನಾ ಗುಳಿಗೆ ಕಟ್ಟಿಕೊಂಡು ಕಳಸಾಪುರದ ಬಸ್ಸು ಹತ್ತಿದಳು. ನಡುವೆ ಬಿಟ್ಟರೆ ಗಂಟು ಮತ್ತೆ ಏಳುತ್ತದೆ, ಆಮೇಲೆ ಈ ಔಷಧಿಗೆ ಬಗ್ಗದೆಯೂ ಹೋಗಬಹುದು. ಅದನ್ನೆಲ್ಲ ಹೇಳಬೇಕೆಂದುಕೊಂಡಿದ್ದಳು. ಲಕ್ಷ್ಮೀದೇವಿ ಬಾಗಿಲವರೆಗೆ ಬಂದಳು, ಹೊಸ್ತಿಲು ದಾಟಲಿಲ್ಲ. ಇಲ್ಲಿ ಕೊರಳ ಮೇಲೆ ಸೆರಗಿರಲಿಲ್ಲ.

"ನುಂಗಂಗಿಲ್ಲರಿ. ನುಂಗಿದ್ರ ಅದನ್ನೂ ಬರಕೋತೀರಿ."

ಗುಳಿಗೆಯ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಫರ್ಹಾನಾ ಹಿಂತಿರುಗಿದಳು. ಬಸ್ಸಿಗೆ ಕಾಯುತ್ತಿದ್ದಾಗ ಆನಂದರ ಫೋನು ಬಂತು. ಕಳಸಾಪುರದ ರೋಗಿಯ ಚಿಕಿತ್ಸೆ ಏನಾಯಿತು ಎಂದು ಕೇಳಿದರು. ನಡುವೆ ಬಿಟ್ಟವರು ಏಕೆ ಬಿಟ್ಟರು ಎಂಬುದೇ ಎಲ್ಲಕ್ಕಿಂತ ಮುಖ್ಯ, ಅದು ತಿಳಿದರೆ ಮುಂದಿನವರಾದರೂ ಉಳಿಯುತ್ತಾರೆ ಎಂದರು.

ಅವರ ಮಾತು ಖರೆಯಾಗಿತ್ತು. ಕಾರಣವೂ ಅವಳಿಗೆ ಗೊತ್ತಿತ್ತು. ಆ ರೋಗಿಯ ವಿಷಯ ತನಗೆ ಗೊತ್ತಿಲ್ಲ ಎಂದು ಹೇಳಿ ಫರ್ಹಾನಾ ಫೋನು ಇಟ್ಟಳು.