ರಾಣಿಗೆ ಸಿಕ್ಕ ಜಾಗ, ಸೊಪ್ಪಿಗೆ ಸಿಗದ ಜಾಗ

ಅತ್ತೆಯ ಎಡ ಮುಂದೋಳಿನ ಮೇಲೆ ಸದಾ ಒಂದು ರೇಷ್ಮೆಹುಳು ಇರುತ್ತಿತ್ತು. ತಟ್ಟೆಗೆ ಸೊಪ್ಪು ಹಾಕುವಾಗ ಹತ್ತಿದ್ದು ಬಳೆಗಳನ್ನು ದಾಟಿ ಮೊಣಕೈವರೆಗೂ ಬಂದಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ಬರೆದ ಮೇಲೆ ಅನುಮಾನ ಬಂದು ಹಳೆಯ ದಿನಚರಿ ತೆಗೆದು ನೋಡಿದೆ. ‘ಇವತ್ತು ಅತ್ತೆಯ ಕೈಮೇಲೆ ಹುಳು ಹರಿಯುತ್ತಿತ್ತು, ಹೇಳಿದೆ, ನಕ್ಕರು’ ಎಂದಷ್ಟೇ ಇದೆ. ಒಂದು ದಿನದ್ದನ್ನು ನನ್ನ ನೆನಪು ಎಲ್ಲ ದಿನಗಳಿಗೂ ಹಂಚಿಬಿಟ್ಟಿದೆ. ಹಾಗಾಗಿ ಮುಂದಿನದ್ದನ್ನು ಆದಷ್ಟು ದಿನಚರಿಯ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅವರು ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ಮಧುವನಹಳ್ಳಿಯಲ್ಲಿ ನಮ್ಮ ಮನೆಗೆ ಅವರ ಹುಳುಮನೆ ಗೋಡೆಗೆ ಗೋಡೆ. ಓದು ಬರಹ ಬರುತ್ತಿರಲಿಲ್ಲ. ಆದರೆ ಹಿಪ್ಪುನೇರಳೆ ಸೊಪ್ಪಿನ ವಿಷಯದಲ್ಲಿ ಸಂಶಯ ಬಂದರೆ ಯಳಂದೂರಿನಿಂದಲೂ ಅವರಿಗೆ ಫೋನ್ ಬರುತ್ತಿತ್ತು.

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದು, ಯಾರು ಬೇಕಾದರೂ ಲೇಖನ ಸಲ್ಲಿಸಬಹುದಾದ ಅಂತರ್ಜಾಲದ ಸಂಗ್ರಹ ತಾಣಗಳಿಗೆ ಬರೆಯುತ್ತಿದ್ದೆ. ಆ ತಾಣಗಳಿಗೆ ಅವುಗಳದ್ದೇ ಅಳತೆ. ನಾನು ಹೆಚ್ಚಾಗಿ ಕಳಿಸುತ್ತಿದ್ದ ತಾಣದಲ್ಲಿ ನಾನೂರು ಪದಕ್ಕಿಂತ ಕಮ್ಮಿಯಾದರೆ ವಾಪಸ್, ಏಳುನೂರು ದಾಟಿದರೆ ಕತ್ತರಿಸಿ ಕಳಿಸಿ ಎಂಬ ಸೂಚನೆ. ಐದುನೂರು ಆದರ್ಶ. ಬರೆಯುವಾಗ ನನ್ನ ಕಣ್ಣು ವಾಕ್ಯಕ್ಕಿಂತ ಹೆಚ್ಚಾಗಿ ಪರದೆಯ ಕೆಳಮೂಲೆಯ ಪದಸಂಖ್ಯೆಯ ಮೇಲೆ ಇರುತ್ತಿತ್ತು.

ರೇಷ್ಮೆ ಸಾಕಣೆಯ ಬಗ್ಗೆ ಬರೆದಾಗ ಅತ್ತೆಯೇ ನನ್ನ ಮೂಲ. ಅವರು ಹೇಳಿದ್ದನ್ನು ಬರೆದುಕೊಂಡು ಹೋಗಿ, ಬೆಳೆಸಿ, ಹುಳುಮನೆಯ ಹೊಸ್ತಿಲ ಮೇಲೆ ಕೂತು ಓದಿ ಹೇಳಿದೆ. ಅವರು ಸೊಪ್ಪು ಹರಡುತ್ತಲೇ ಕೇಳುತ್ತಿದ್ದರು. ಲೇಖನ ಶುರುವಾಗುತ್ತಿದ್ದದ್ದು ಚೀನಾದ ರಾಣಿಯ ಬಿಸಿನೀರಿನ ಬಟ್ಟಲಿಗೆ ಗೂಡು ಬಿದ್ದು ನೂಲು ಬಿಚ್ಚಿಕೊಂಡ ಕಥೆಯಿಂದ.

“ಆ ರಾಣಿ ಒಂದ್ ತಟ್ಟೆಗಾರಾ ಸೊಪ್ಪಾಕಿದ್ಲಾ ಕಣವ್ವ?” ಎಂದು ಕೇಳಿದರು. ನನಗೆ ನಗು ಬಂತು. ಅವರು ನಗಲಿಲ್ಲ, ಮುಂದಿನ ತಟ್ಟೆಗೆ ಹೋದರು.

ಆ ಲೇಖನ ಸಾವಿರದ ಹತ್ತಿರ ಇತ್ತು. ಕತ್ತರಿಸಬೇಕಿತ್ತು. ರಾಣಿಯನ್ನು ಉಳಿಸಿಕೊಂಡೆ, ಆರಂಭ ಆಕರ್ಷಕವಾಗಿರಬೇಕೆಂದು ತಾಣದವರೇ ಹೇಳಿದ್ದರು. ಕೊನೆಯ ‘ಒಟ್ಟಿನಲ್ಲಿ ಹೇಳುವುದಾದರೆ’ ಕೂಡ ಉಳಿಯಿತು. ಸೊಪ್ಪು ಸಾಲದಿದ್ದರೆ ಬೇರೆಯವರ ತೋಟದಿಂದ ತರಬಹುದು, ಬೆಳಗ್ಗೆಯೇ ಕೊಯ್ಯಬೇಕು, ಒದ್ದೆ ಗೋಣಿ ಮುಚ್ಚಬೇಕು ಎಂಬುದೂ ಉಳಿಯಿತು. ತೆಗೆದದ್ದರಲ್ಲಿ ಅದರ ಬೆನ್ನಿಗಿದ್ದ ಭಾಗವೂ ಇತ್ತು: ಆ ತೋಟದ ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದಾರೆಯೇ ಎಂದು ಕೇಳಬೇಕು, ಅನುಮಾನ ಇದ್ದರೆ ಹತ್ತು ಹುಳುವಿಗೆ ಮಾತ್ರ ಹಾಕಿ ಕಾದು ನೋಡಬೇಕು. ಸರಿಯಾಗಿ ಐದುನೂರಕ್ಕೆ ಬಂತು. ತಾಣ ಒಪ್ಪಿಕೊಂಡಿತು. ವಾಟ್ಸಾಪಿನಲ್ಲಿ ನಮ್ಮ ತಾಲ್ಲೂಕನ್ನೆಲ್ಲ ಸುತ್ತಿತು. ನಾನು ಹಿಗ್ಗಿದ್ದು ಸುಳ್ಳಲ್ಲ.

ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಶಾಗ್ಯದಿಂದ ಅತ್ತೆಯ ತಂಗಿ ಫೋನ್ ಮಾಡಿದರು. ನಾನು ಅಲ್ಲೇ ಇದ್ದೆ. ಅವರಿಗೆ ಸೊಪ್ಪು ಸಾಲದೆ ಊರಾಚೆಯ ತೋಟದಿಂದ ತರಿಸಿದ್ದರು. ಮಗಳು ಮೊಬೈಲಿನಲ್ಲಿ ಬಂದ ಲೇಖನ ಓದಿ ಹೇಳಿದಂತೆ ಬೆಳಗ್ಗೆಯೇ ಕೊಯ್ದು ಗೋಣಿ ಮುಚ್ಚಿದ್ದರು. ಇನ್ನೇನು ಹುಳುವಿಗೆ ಹಾಕಬೇಕು ಎನ್ನುವಾಗ, ಅಕ್ಕನಿಗೆ ಒಂದು ಮಾತು ಹೇಳೋಣವೆಂದು ಫೋನ್. ಪಕ್ಕದಲ್ಲಿ ಏನು ಬೆಳೆ ಎಂದು ಅತ್ತೆ ಕೇಳಿದರು. ಟೊಮೆಟೊ ಅಂದರು. ಔಷಧಿ ಹೊಡೆದಿದ್ದಾರಾ ಎಂದರೆ, ಕೇಳಿಲ್ಲ, ಲೇಖನದಲ್ಲಿ ಹಾಗೇನೂ ಇರಲಿಲ್ಲವಲ್ಲ ಎಂದರು.

ಅತ್ತೆ ನನ್ನ ಕಡೆ ತಿರುಗಿದರು. ನಾನು ಒಂದೇ ಒಂದು ಸಲ ಓದಿ ಹೇಳಿದ್ದ ಸಾವಿರ ಪದ ಅವರ ತಲೆಯಲ್ಲಿ ಸಾಲುಸಾಲಾಗಿ ಇತ್ತು. ಗೋಣಿ ಮುಚ್ಚುವ ಮಾತು, ಅದಾದ ಮೇಲೆ ಔಷಧಿ ಮಾತು, ಅದಾದ ಮೇಲೆ ಹತ್ತು ಹುಳುವಿನ ಮಾತು ಎಂದು ನನ್ನ ಪದಗಳಲ್ಲೇ ಒಪ್ಪಿಸಿದರು. ಬರೆದ ನನಗೇ ಆ ಕ್ರಮ ಮರೆತಿತ್ತು.

“ಅದೆಲ್ಲೋಯ್ತು?”

“ಜಾಗ ಸಾಲ್ನಿಲ್ಲ ಅತ್ತೆ.”

“ರಾಣಿಗೆ ಜಾಗ ಇತ್ತಾ?”

ಅವರು ಫೋನಿಗೆ, “ಒಂದ್ ಎಲೆನೂ ಆಕ್ಬ್ಯಾಡ, ನಾ ಬತ್ತೀನಿ” ಅಂದರು. ಹುಳು ನಾಲ್ಕನೇ ಜ್ವರದಿಂದ ಎದ್ದಿವೆ, ಹಸಿದು ತಲೆ ಎತ್ತಿಕೊಂಡಿವೆ ಎಂದು ತಂಗಿ ಅಳುದನಿಯಲ್ಲಿ ಹೇಳುವುದು ನನಗೂ ಕೇಳಿಸಿತು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವು ದೊಡ್ಡದು.

“ಅಸ್ವುಗೆ ಇವತ್ತೇ ಸಾಯಕಿಲ್ಲ ಕನೇ. ಈ ಸೊಪ್ಗಾದ್ರೆ ಗಳ್ಗೆ ಸಾಕು,” ಅಂದರು ಅತ್ತೆ.

ಹನೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಶಾಗ್ಯಕ್ಕೆ ಹೋದೆವು. ದಾರಿಯಲ್ಲಿ ಅವರು ನನಗೆ ಏನಾದರೂ ಅಂದರೇ? ಬೈದರು ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ ‘ದಾರಿಯುದ್ದಕ್ಕೂ ಮಾತಿಲ್ಲ’ ಎಂದಿದೆ. ಬೈದಿದ್ದರೆ ಎಂದು ನಾನು ಆಸೆಪಟ್ಟದ್ದೇ ನೆನಪಾಗಿ ಕೂತಿರಬೇಕು.

ಅಲ್ಲಿ ಅವರು ಗೋಣಿ ಸರಿಸಿ, ರಾಶಿಯ ಅಂಚಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದರು. ಹತ್ತು ಹುಳು ಎಣಿಸಿ ಬೇರೆ ಮೊರಕ್ಕೆ ಹಾಕಿ, ಆ ಸೊಪ್ಪನ್ನು ಅವಕ್ಕೆ ಮಾತ್ರ ಕೊಟ್ಟರು. ಉಳಿದ ಹುಳುಗಳು ತಟ್ಟೆಗಳ ಅಂಚಿಗೆ ಬಂದು ತಡಕಾಡುತ್ತಿದ್ದವು. ತಂಗಿ ಒಮ್ಮೆ ಸೊಪ್ಪಿಗೆ ಕೈ ಹಾಕಿಯೇಬಿಟ್ಟರು. ಅತ್ತೆ ಆ ಕೈಯನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು. ಎಷ್ಟು ಹೊತ್ತೋ. ನನಗೆ ಇಡೀ ಬೆಳಗು ಅನ್ನಿಸುತ್ತದೆ, ದಿನಚರಿ ‘ಅರ್ಧ ಗಂಟೆ’ ಎನ್ನುತ್ತದೆ.

ಮೊರದಲ್ಲಿ ಒಂದು ಹುಳು ತಲೆ ಎತ್ತಿ ಅತ್ತಿತ್ತ ತೂಗಾಡಿತು. ಬಾಯಿಂದ ಹಸಿರು ನೀರು ಬಂತು. ಆಮೇಲೆ ಇನ್ನೊಂದು. ಆಮೇಲೆ ಹತ್ತೂ.

ಅತ್ತೆ ಗೆದ್ದವರ ಮುಖ ಮಾಡಲಿಲ್ಲ. ರಾಶಿಯನ್ನು ಗುಂಡಿಗೆ ಹಾಕಿಸಿ, ಕೈಯನ್ನು ಮೂರು ಸಲ ತೊಳೆದು, ಶಾಗ್ಯದಲ್ಲಿ ಹುಳು ಸಾಕುವ ಒಂದೊಂದೇ ಮನೆಗೆ ಹೋಗಿ ಒಂದೊಂದು ತೆಕ್ಕೆ ಸೊಪ್ಪು ಕೇಳಿ ತಂದರು. ನಾನು ಹಿಂದೆ ಹೊತ್ತುಕೊಂಡು ನಡೆದೆ. ಏನಾಯಿತೆಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: “ಕಂಪ್ಯೂಟ್ರಲ್ಲಿ ಜಾಗ ಸಾಲ್ದೆ ಓಯ್ತಂತೆ.” ಯಾರ ಕಂಪ್ಯೂಟರ್ ಎಂದು ಹೇಳಲಿಲ್ಲ. ಹತ್ತು ಹುಳು ಹೋದವು. ಉಳಿದವು ಗೂಡು ಕಟ್ಟಿದವು.

ಮನೆಗೆ ಬಂದ ದಿನವೇ ಲೇಖನ ತೆಗೆಸಿ, ಹೊಸದಾಗಿ ಬರೆದು ಅವರಿಗೆ ಓದಿ ಹೇಳಿದೆ. ಔಷಧಿಯ ಮಾತೇ ಮೊದಲ ಸಾಲು. ಅವರು ತಟ್ಟೆ ಬಿಟ್ಟು ಬಂದು ಎದುರಿಗೆ ಕೂತು ಕೇಳಿದರು, ಬೇಡದ್ದನ್ನು ತೆಗೆಸಿದರು. ಇನ್ನೂರ ಚಿಲ್ಲರೆ ಪದ ಉಳಿಯಿತು. ತಾಣ ವಾಪಸ್ ಕಳಿಸಿತು, ನಾನೂರಕ್ಕಿಂತ ಕಮ್ಮಿ.

“ಕಮ್ಮಿಯಾಯ್ತಾ? ಆ ರಾಣಿನ ತಂದು ಕೊನೇಲಿ ಕೂರ್ಸು. ಸುಮ್ನೆ ಕೂತಿರ್ಲಿ.”

ಹಾಗೇ ಮಾಡಿದೆ. ನಾನೂರು ದಾಟಿತು, ತಾಣದವರು ಒಪ್ಪಿಕೊಂಡರು.

ಅತ್ತೆ ಹೋದ ವರ್ಷ ತೀರಿಕೊಂಡರು. ತಿಥಿಯ ನಂತರ ಅವರ ತಂಗಿಯನ್ನು ಊರಿಗೆ ಬಿಟ್ಟುಬರಲು ಶಾಗ್ಯಕ್ಕೆ ಹೋಗಿದ್ದೆ. ಅವರ ಹುಳುಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ ದಪ್ಪಕ್ಕೆ ಬರೆದಿತ್ತು: ‘ಪಕ್ಕದ ಹೊಲದವರನ್ನು ಕೇಳದೆ ಸೊಪ್ಪು ಹಾಕಬೇಡಿ. ಹತ್ತು ಹುಳುವಿಗೆ ಹಾಕಿ ನೋಡಿ.’ ನನ್ನ ಲೇಖನದಿಂದ ಮಗಳು ಇಳಿಸಿಕೊಂಡದ್ದಂತೆ. ಬೀದಿಯಲ್ಲಿ ಇನ್ನೂ ನಾಲ್ಕಾರು ಬಾಗಿಲಲ್ಲಿ ಅದೇ ಸಾಲು ಇತ್ತು, ಕೆಳಗೆ ಯಾರ ಹೆಸರೂ ಇಲ್ಲದೆ. ತಾಣದಲ್ಲಿ ಮಾತ್ರ ಅತ್ತೆಯ ಆ ಸಾಲಿನ ಮೇಲೆ ಇವತ್ತಿಗೂ ನನ್ನ ಹೆಸರಿದೆ.