ಹೊಳೆ ದಾಟಿ ಬರುತ್ತಿದ್ದವನು

ಇದನ್ನು ಹೇಳುವುದನ್ನು ಎಷ್ಟೋ ವರ್ಷ ಮುಂದೂಡಿದೆ. ಮೊನ್ನೆ ಚಿಕ್ಕೋಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಆ ಹಳೆಯ ಹಿಂದಿ ಹಾಡನ್ನು ಜೋರಾಗಿ ಹಾಕಿಕೊಂಡು ಹೋಯಿತು. ಹಾಡು ದೂರವಾದ ಮೇಲೂ ಮೂಗಿನಲ್ಲಿ ತಂಬಾಕಿನ ಘಾಟು ಉಳಿಯಿತು. ಇನ್ನು ಹೊತ್ತುಕೊಂಡು ತಿರುಗಲು ನನಗೆ ಶಕ್ತಿಯಿಲ್ಲ.

ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯ ಹಸಿ ವಾಸನೆ, ತೊಡೆಯ ಮೇಲಿನ ಮೊರದಲ್ಲಿ ತಂಬಾಕಿನ ಪುಡಿ, ಗೋಡೆಯ ಮಾಡದಲ್ಲಿ ರೇಡಿಯೊ. ಕಣ್ಣು, ಕೈ ಎರಡೂ ಕೆಲಸದಲ್ಲಿ; ಕಿವಿಯೊಂದೇ ಬಿಡುವಾಗಿರುತ್ತಿತ್ತು. ಅವರ ನಡುವೆ ಚಿಗವ್ವ, ನನ್ನ ಕಾಕಾನ ಹೆಂಡತಿ. ನಾನು ಹುಟ್ಟುವ ಮೊದಲೇ ಕಾಕಾ ತೀರಿಹೋಗಿದ್ದ. ಅವನದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಆ ಹಾಡು ಬಂದರೆ ಮಾತ್ರ ಚಿಗವ್ವನ ಕೈ ನಿಲ್ಲುತ್ತಿತ್ತು.

"ಬಂದಾನೇನ ನಿನ್ನ ಗಂಡ? ಚಾಕ್ಕ ಇಡ್ಲೇನ?" ಎಂದು ಪಕ್ಕದಲ್ಲಿ ಬೀಡಿ ಕಟ್ಟುವ ತಾರಾಬಾಯಿ ಕೆಣಕುತ್ತಿದ್ದಳು.

"ಇನ್ನಾ ಹೊಳಿ ದಾಟಾಕತ್ತಾನ. ನೀ ಬಾಯಿ ಮುಚ್ಚ."

ಹಿಂದಿ ಅವಳಿಗೆ ಬರುತ್ತಿರಲಿಲ್ಲ. ಆದರೂ ಆ ಹಾಡಿನೊಳಗೆ ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದು, ಧೋತರ ಮೇಲೆತ್ತಿ ವೇದಗಂಗೆ ದಾಟಿ ಬರುತ್ತಿದ್ದ. "ನಡು ನೀರಾಗ ನಿಂತ ನನ್ನ ಹೆಸರ ಹಿಡದ ಕೂಗ್ತಾನೋ ತಮ್ಮಾ" ಎಂದು ನನಗೆ ಹೇಳುತ್ತಿದ್ದಳು. ಕೇಳಿ ಕೇಳಿ ನಾನು ಕಾಣದ ಕಾಕಾನನ್ನು ನಾನೂ ಕಂಡಿದ್ದೆ.

ನಾನು ಮ್ಯಾಟ್ರಿಕ್‌ನಲ್ಲಿದ್ದಾಗ ಅಕ್ಕನ ಮದುವೆಗೆ ಬಾಡಿಗೆ ಟಿವಿ, ವಿಸಿಆರ್ ಬಂದವು. ಕಿಟಕಿಗೆ ಕಂಬಳಿ ಕಟ್ಟಿ, ಬರೀ ಹಾಡುಗಳಿದ್ದ ಕ್ಯಾಸೆಟ್ ಹಾಕಿದೆವು. ಅದರಲ್ಲಿ ಆ ಹಾಡೂ ಇತ್ತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಚಿಗವ್ವನನ್ನು ಕೈಹಿಡಿದು ಎಳೆತಂದು ಎಲ್ಲರ ಮುಂದೆ ಕೂರಿಸಿದೆ. ಪರದೆಯ ಮೇಲೆ ಹಿಮದ ಗುಡ್ಡ. ಕೆಂಪು ಸ್ವೆಟರಿನ ಗಂಡಸೊಬ್ಬ ತೆಳು ಸೀರೆಯವಳನ್ನು ಅಪ್ಪಿಕೊಂಡು ಉರುಳುತ್ತಿದ್ದ.

"ನೋಡ ಚಿಗವ್ವಾ, ನಿನ್ನ ಗಂಡ ಬಂದ! ಚಪ್ಪಲಿ ಎಲ್ಲಿ ಬಿಟ್ಟಾನ ಕೇಳ!" ಎಂದೆ.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಸೆರಗಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಅವಳು ಹಾಡು ಮುಗಿಯುವವರೆಗೂ ನೋಡಿದಳು. ನಗುವವರ ಜೊತೆ ತಾನೂ ಸ್ವಲ್ಪ ನಕ್ಕಳು.

ಮದುವೆಯ ಗದ್ದಲ ಮುಗಿದು ಮತ್ತೆ ಬೀಡಿಯ ಮೊರಗಳು ಬಂದವು. ಒಂದು ಮಧ್ಯಾಹ್ನ ರೇಡಿಯೊದಲ್ಲಿ ಆ ಹಾಡು ಶುರುವಾಯಿತು. ಚಿಗವ್ವ ಕಣ್ಣು ಮುಚ್ಚಿದಳು. ತಾರಾಬಾಯಿ ಕೆಣಕದೆ ಕಾದಳು. ಚಿಗವ್ವ ಕಣ್ಣು ತೆರೆದು, ಎದ್ದುಹೋಗಿ ರೇಡಿಯೊ ಬಂದ್ ಮಾಡಿದಳು.

"ಆ ಕೆಂಪ ಅಂಗ್ಯಾಂವನ ಬರ್ತಾನವ್ವಾ. ನಮ್ಮಾಂವ ಬರಂಗಿಲ್ಲ."

ನಾನು ಬಾಗಿಲಲ್ಲೇ ಇದ್ದೆ. ತಪ್ಪಾಯ್ತು ಎನ್ನಲು ನಾಲಿಗೆ ಏಳಲಿಲ್ಲ; ಆಮೇಲೆ ಅವಳು ಬದುಕಿದ್ದ ಅಷ್ಟೂ ವರ್ಷ ಏಳಲಿಲ್ಲ. ಆ ಮನೆ ಈಗಿಲ್ಲ, ಮೊರಗಳಿಲ್ಲ, ಕೆಣಕುವ ತಾರಾಬಾಯಿಯೂ ಇಲ್ಲ.

ಟ್ರ್ಯಾಕ್ಟರ್ ಹೋದ ಮೇಲೆ ರಸ್ತೆ ಬದಿಯಲ್ಲಿ ನಿಂತು ನಾನೂ ಕಣ್ಣು ಮುಚ್ಚಿದೆ. ಬರೀ ಹಿಮ. ಹೊಳೆ ಎಲ್ಲೂ ಕಾಣಲಿಲ್ಲ. ನನಗೆ ಅವಳು ಚಿಗವ್ವ; ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ. ಹೆಸರು ಹಿಡಿದು ಕರೆದವನು ಕಾಕಾ ಒಬ್ಬನೇ. ಅವನ ದನಿಯನ್ನು ಅವಳಿಂದ ಕಸಿದವನು ನಾನು. ಅದಕ್ಕೆ ಇಲ್ಲಿ, ಕೇಳಲು ಯಾರೂ ಇಲ್ಲದ ಈ ಹೊತ್ತಿನಲ್ಲಿ, ಆ ಹೆಸರನ್ನು ನಾನೇ ಕೂಗುತ್ತೇನೆ.

ಶೇವಂತಾ.