ಬಿಳಿ ಕಾರಿನ ಕುಂಕುಮ

ನಮ್ಮಪ್ಪ ಮನೆಗೆ ಒಂದೇ ಒಂದು ಕಾನೂನು ಮಾಡಿದ್ದರು: ಚಪ್ಪಲಿ, ಹಿಂದಿ ಎರಡೂ ಹೊಸ್ತಿಲಾಚೆ. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಅವರು ಬಂದ ಗಾಡಿಗೆ ಪೂಜೆ ಮಾಡಿಸಿಯೇ ಅಪ್ಪ ನಮ್ಮನ್ನು ಸಾಕಿದ್ದು. ಹೊರಗೆ ಏನು ಬೇಕಾದರೂ ಮಾತಾಡಿ, ಒಳಗೆ ಕಾಲಿಟ್ಟ ಮೇಲೆ ಕನ್ನಡ. ಚಿಕ್ಕಂದಿನಲ್ಲಿ ನಾನು ಬಾಯಿ ತಪ್ಪಿ ‘ಪಾನಿ’ ಅಂದರೆ ಅಮ್ಮ ಕಿವಿ ಕೇಳಿಸದವಳ ಹಾಗೆ ಸುಮ್ಮನೆ ನಿಂತಿರುತ್ತಿದ್ದಳು. ‘ನೀರು’ ಅಂದ ಮೇಲೆಯೇ ಲೋಟ ಕೈಗೆ ಬರುತ್ತಿತ್ತು.

ಪೌರೋಹಿತ್ಯ ನನ್ನ ತಲೆಗೆ ಹತ್ತಲಿಲ್ಲ. ಮಂತ್ರ ಹೇಳುವಷ್ಟು ತಾಳ್ಮೆ ಇಲ್ಲ, ಮೂಗಿನ ತುದಿಯಲ್ಲೇ ಸಿಟ್ಟು. ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ ಕಲಿತೆ. ಆಮೇಲೆ ಆ ಬಣ್ಣಕ್ಕೆ ಗೀರು ಬೀಳದ ಹಾಗೆ ಮೇಲೆ ಗಾಜಿನಂಥ ಫಿಲಂ ಅಂಟಿಸುವುದನ್ನೂ ಕಲಿತೆ. ಅಪ್ಪ ಹೋದ ಮೇಲೆ ಕೇದಾರ ಘಾಟಿನ ಓಣಿ ಬಿಟ್ಟು ಭೇಲೂಪುರಕ್ಕೆ ಬಂದೆವು. ಮುಂದೆ ಶೆಡ್ಡು, ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಮದುವೆ ಆಗಲಿಲ್ಲ. ಕಾಶಿಯಲ್ಲಿ ಗಾಡಿ ಒರೆಸುವವನಿಗೆ ಕರ್ನಾಟಕದಿಂದ ಹೆಣ್ಣು ಕೊಡುವ ಪುಣ್ಯಾತ್ಮ ಯಾರು? ಮಠಕ್ಕೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಕೈಮುಗಿದು ಆಡುವ ಕನ್ನಡ. ಗೊಣಗುವ, ಬೈಯುವ, ಸಾರಿಗೆ ಉಪ್ಪು ಕಮ್ಮಿ ಎನ್ನುವ ಕನ್ನಡ ನನಗಿದ್ದದ್ದು ಅಮ್ಮನ ಜೊತೆ ಮಾತ್ರ.

ಅಂಗಡಿ ಹಾಕಿದಾಗ ಒಂದು ಹಳೇ ಸ್ಕೂಟರ್ ಕೊಂಡಿದ್ದೆ. ಅಮ್ಮ ಆರತಿ ತಟ್ಟೆ ಹಿಡಿದು ಬಂದಳು. ನಾನು ನಕ್ಕುಬಿಟ್ಟೆ.

“ಯಾರೋ ಓಡಿಸಿ ಬಿಸಾಕಿದ ಸ್ಕೂಟರಿಗೆ ಪೂಜೆ ಬೇರೆ ಕೇಡು! ಇರು, ಹೊಸ ಗಾಡಿ ತರ್ತೀನಿ. ಅದಕ್ಕೆ ಮಾಡುವೆಯಂತೆ.”

“ತರ್ತೀಯ ತರ್ತೀಯ, ನಾನು ಸತ್ತ ಮೇಲೆ,” ಅಂತ ಮೂತಿ ತಿರುವಿ ಒಳಗೆ ಹೋದಳು. ಆ ಮಾತನ್ನು ನಾನು ಅಲ್ಲೇ ಮರೆತೆ.

ಆರು ಚಳಿಗಾಲದ ಹಿಂದೆ ಒಬ್ಬ ಸೀರೆ ವ್ಯಾಪಾರಿ ಹೊಚ್ಚ ಹೊಸ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಅಪ್ಪಟ ಬಿಳಿ. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅವನ ಗೋದಾಮು ಇದ್ದದ್ದು ಗಂಗೆಯಾಚೆಯ ರಾಮನಗರದಲ್ಲಿ. ಸೇತುವೆಯ ರಸ್ತೆಯಲ್ಲಿ ಮುಂದೆ ಜಲ್ಲಿ ಲಾರಿ ಹೋದರೆ ಸಾಕು, ಕಲ್ಲು ಸಿಡಿದು ಬಣ್ಣ ಚಕ್ಕೆ ಏಳುತ್ತದೆ. ಚಳಿಗಾಲದ ಕಾಟ ಬೇರೆ. ಹೆಣ ಸುಡುವ ಹರಿಶ್ಚಂದ್ರ ಘಾಟಿನ ಕಡೆಯಿಂದ ಬರುವ ಬೂದಿ, ಬೀದಿಬೀದಿಯಲ್ಲಿ ಹಚ್ಚುವ ಬೆಂಕಿಯ ಮಸಿ, ಎಲ್ಲ ಮಂಜಿನಲ್ಲಿ ನೆನೆದು ಕಾರಿಗೆ ಮೆತ್ತಿಕೊಳ್ಳುತ್ತದೆ. ಡ್ರೈವರ್ ಮಹಾಶಯ ಒಣಬಟ್ಟೆಯಲ್ಲಿ ಉಜ್ಜುತ್ತಾನೆ, ಮೈತುಂಬ ಗೀರು. ಎಂಜಿನ್ನಿನ ಬಿಸಿಗೆ ಬಾನೆಟ್ಟಿನ ಮೇಲೆ ಮಲಗುವ ಬೆಕ್ಕುಗಳ ಉಗುರಂತೂ ಕೇಳುವುದೇ ಬೇಡ. ಅಂಥ ಗಾಡಿ ನನ್ನ ಶೆಡ್ಡಿಗೆ ಹಿಂದೆಂದೂ ಬಂದಿರಲಿಲ್ಲ.

ಒಂದು ಇಡೀ ದಿನ ತೊಳೆದೆ. ಬೆರಳಾಡಿಸಿದರೆ ಒಂದು ಕಣ ಸಿಗಬಾರದು, ಅಷ್ಟು. ಈ ಕೆಲಸದಲ್ಲಿ ನನ್ನದೊಂದು ಹಟ ಇದೆ: ಕೊಳೆಯ ಮೇಲೆ ಫಿಲಂ ಕೂರಿಸಿದರೆ ಬಣ್ಣವನ್ನಲ್ಲ, ಕೊಳೆಯನ್ನು ಕಾಪಾಡಿದ ಹಾಗೆ. ಬೆಳಿಗ್ಗೆ ಒಂಬತ್ತಕ್ಕೆ ಮಾಲೀಕ ಬಂದು ನೋಡುವುದು, ಆಮೇಲೆ ಫಿಲಂ ಹಚ್ಚುವುದು ಅಂತ ಮಾತಾಗಿತ್ತು.

ಎದ್ದು ಹಲ್ಲುಜ್ಜುತ್ತಾ ಶೆಡ್ಡಿಗೆ ಬಂದೆ. ಬಾನೆಟ್ಟಿನ ನಟ್ಟನಡುವೆ ಅರಿಶಿನದ ಸ್ವಸ್ತಿಕ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ವಿಭೂತಿಯ ಮೂರು ಗೆರೆ, ಚೆಂಡುಹೂವು, ಚಕ್ರಗಳ ಕೆಳಗೆ ನಿಂಬೆಹಣ್ಣು. ಅಮ್ಮ ಮಿಂದು, ಮಡಿಯುಟ್ಟು, ಮುಂದಿನ ಚಕ್ರದ ಹತ್ತಿರ ಕೂತು ಬೊಟ್ಟು ಇಡುತ್ತಿದ್ದಳು. ಇಲ್ಲಿಯ ಅಂಗಡಿ ಕುಂಕುಮ ಬರೀ ಬಣ್ಣ, ಬಿಳಿಯ ಮೇಲೆ ಬಿದ್ದರೆ ಕಚ್ಚಿಕೊಂಡುಬಿಡುತ್ತದೆ.

ನಾನು ಕಿರುಚಿದೆ. ಶೆಡ್ಡಿನಲ್ಲಿ ಕೆಲಸದವರ ಮೇಲೆ ಕೂಗಿ ಕೂಗಿ ನನ್ನ ಸಿಟ್ಟಿಗೆಲ್ಲ ಹಿಂದಿಯೇ ಅಭ್ಯಾಸವಾಗಿತ್ತು. ಅದೇ ಬಂತು. “ಪಾಗಲ್ ಹೋ ಗಯೀ ಹೋ ಕ್ಯಾ?” ತಲೆ ಕೆಟ್ಟಿದೆಯಾ ಅಂತ.

ಅಮ್ಮ ಕೈಯಲ್ಲಿ ತಟ್ಟೆ ಹಿಡಿದೇ ಎದ್ದಳು. ಮುಖದಲ್ಲಿನ್ನೂ ಸಂತೋಷ ಪೂರ್ತಿ ಆರಿರಲಿಲ್ಲ.

“ನಮ್ಮದಲ್ವೇನೋ ಗಾಡಿ?” ಅಂದಳು. ನಾನು ತರ್ತೀನಿ ಅಂದಿದ್ದ ಹೊಸ ಗಾಡಿ ಇದೇ ಅಂದುಕೊಂಡಿದ್ದಳು.

ಆಗಲಾದರೂ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. “ಹಮಾರೀ? ಹಮಾರೇ ಬಾಪ್ ಕೀ ಹೈ ಕ್ಯಾ?” ಅಂದೆ. ನಮ್ಮಪ್ಪನದಾ ಅಂತ ಕೇಳಿದ್ದು, ಯಾರ ಹೆಂಡತಿಯನ್ನು? ಥೂ ನನ್ನ ಬಾಯಿಗೆ. ಜೀವಮಾನವಿಡೀ ಬೇರೆಯವರ ಗಾಡಿಗಳಿಗೆ ಪೂಜೆ ಮಾಡಿಸಿ, ಸೈಕಲ್ಲಿನಲ್ಲೇ ಓಡಾಡಿ ಸತ್ತ ಮನುಷ್ಯನ ಹೆಂಡತಿ ಅವಳು.

ಅಮ್ಮ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು. ನಾನು ಒರೆಸಿದೆ, ಪಾಲಿಶ್ ಹಾಕಿ ತಿಕ್ಕಿದೆ. ಒಂದು ಗಂಟೆಯಲ್ಲಿ ಬಾನೆಟ್ಟು ಮೊದಲಿನಂತಾಯಿತು. ಮಾಲೀಕನಿಗೆ ಏನೂ ಗೊತ್ತೇ ಆಗಲಿಲ್ಲ. ಇಷ್ಟೇ ಕೆಲಸಕ್ಕೆ ನಾನು ಅಷ್ಟು ಕೂಗಿದ್ದು.

ತಿಂಡಿಗೆ ಒಳಗೆ ಹೋದೆ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಅಮ್ಮ ಹೇಳಿದಳು, “ನಾಶ್ತಾ ಲೀಜಿಯೇ.”

ತಮಾಷೆ ಅಂದುಕೊಂಡೆ. ತಾಯಿಯ ಕೋಪ ಎಷ್ಟು ಹೊತ್ತು, ಸಂಜೆಗೆ ಇಳಿಯುತ್ತದೆ ಅಂದುಕೊಂಡೆ. ಸಂಜೆ ‘ಚಾಯ್ ಲೀಜಿಯೇ’ ಬಂತು. ಅವಳಿಗೆ ಬರುತ್ತಿದ್ದದ್ದು ತರಕಾರಿಯವನ ಹತ್ತಿರ, ರಿಕ್ಷಾದವನ ಹತ್ತಿರ ಆಡುವ ನಾಲ್ಕು ಮಾತಿನ ಹಿಂದಿ. ಅದೇ ಹಿಂದಿಯಲ್ಲಿ, ಅದೇ ಮರ್ಯಾದೆಯಲ್ಲಿ ನನ್ನನ್ನು ‘ಆಪ್’ ಎಂದಳು. ‘ಬಾರೋ, ತಿನ್ನೋ, ಎಲ್ಲಿ ಹಾಳಾಗಿ ಹೋಗಿದ್ದೆಯೋ’ ಎಲ್ಲ ಒಂದೇ ದಿನದಲ್ಲಿ ನಿಂತುಹೋಯಿತು.

ಮಾರನೆಯ ದಿನ ಫಿಲಂ ಹಚ್ಚುತ್ತಾ ಮುಂದಿನ ಚಕ್ರದ ಕಮಾನಿಗೆ ಬಂದೆ. ಅದರ ಒಳಂಚಿನಲ್ಲಿ ಒಂದು ಬೊಟ್ಟು ಉಳಿದಿತ್ತು. ಬಗ್ಗಿ ನೋಡದಿದ್ದರೆ ಕಾಣದು. ಬಟ್ಟೆ ಕೈಗೆತ್ತಿಕೊಂಡೆ, ಒರೆಸಲು ಮನಸ್ಸಾಗಲಿಲ್ಲ. ಫಿಲಂ ಹಚ್ಚುವ ಮುಂಚೆ ಯಾವಾಗಲೂ ಹೊಡೆಯುವ ಸಾಬೂನು ನೀರನ್ನು ಅಲ್ಲಿ ಸಿಂಪಡಿಸಲಿಲ್ಲ, ಅಳಿಸಿಹೋದೀತು ಅಂತ. ಒಣಗಿದ್ದರ ಮೇಲೆಯೇ ಹಗುರವಾಗಿ ಫಿಲಂ ಕೂರಿಸಿ ಒತ್ತಿದೆ. ನನ್ನ ಹಟ ಮುರಿದು ಕೊಳೆ ಕಾಪಾಡಿದ್ದು ಅದೊಂದೇ ಸಲ.

ಅಮ್ಮ ಅದಾದ ಮೇಲೆ ಎರಡು ವರ್ಷ ಬದುಕಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. ಮೈಸೂರುಪಾಕು ತಂದುಕೊಟ್ಟೆ, “ಧನ್ಯವಾದ್” ಅಂದಳು. ತುಳಸಿ ಗಿಡದ ಜೊತೆ ಮಾತ್ರ ಕನ್ನಡ. ನಾನು ಬಾಗಿಲ ಹಿಂದೆ ಬಕೆಟ್ ತೊಳೆಯುವವನ ಹಾಗೆ ನಟಿಸುತ್ತಾ ಕದ್ದು ಕೇಳಿಸಿಕೊಳ್ಳುತ್ತಿದ್ದೆ. “ಇವತ್ತು ಮಂಜು ಜಾಸ್ತಿ ಕಣೇ, ಎಲೆ ಸುಟ್ಟುಹೋಗಿವೆ ನೋಡು,” ಎನ್ನುತ್ತಿದ್ದಳು. ಆ ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚು ಬರುತ್ತಿತ್ತು. ನಿಜವಾಗಿ.

ತಪ್ಪಾಯ್ತು ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತೇನೋ. ಅನ್ನಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನನ್ನದು ಆಡಿಯೂ ಹೋಯಿತು, ಆಡದೆಯೂ ಹೋಯಿತು. ಇವತ್ತು ಹೇಳೋಣ, ನಾಳೆ ಹೇಳೋಣ, ಮೊದಲು ಅವಳೇ ಒಮ್ಮೆ ‘ಲೋ’ ಅನ್ನಲಿ, ಹೀಗೇ ದಿನ ಕಳೆದೆ. ಜ್ವರ ಎದೆಗಿಳಿದು ಮಲಗಿದ್ದಾಗ ಅಮ್ಮ ಕೊನೆಯದಾಗಿ ನನ್ನ ಹತ್ತಿರ ಕೇಳಿದ್ದು “ಪಾನೀ ದೀಜಿಯೇ.” ನಾನು ತಕ್ಷಣ ಲೋಟ ಕೊಟ್ಟೆ. ಕಿವಿ ಕೇಳಿಸದವನ ಹಾಗೆ ನಿಂತಿರಲು ನನಗೆ ಧೈರ್ಯವಿರಲಿಲ್ಲ.

ಬಿಳಿ ಕಾರು ಪ್ರತಿ ವರ್ಷ ಬರುತ್ತಿತ್ತು. ನಾನು ಮೊದಲು ಬಗ್ಗಿ ಚಕ್ರದ ಕಮಾನು ನೋಡುತ್ತಿದ್ದೆ. “ಅಲ್ಲೇನಿದೆ ಚಾಚಾ?” ಅಂತ ಮಾಲೀಕ ಕೇಳಿದರೆ, ಕಲ್ಲು ಅಲ್ಲೇ ಜಾಸ್ತಿ ಬಡಿಯುತ್ತದೆ ಎನ್ನುತ್ತಿದ್ದೆ.

ಈ ಚಳಿಗಾಲ, ಹಳೆಯ ಫಿಲಂ ಹಳದಿಯಾಗಿದೆ, ಕಿತ್ತು ಹೊಸದು ಹಾಕಿ ಅಂದ. ಬಿಸಿಗಾಳಿ ಬಿಡುತ್ತಾ ಒಂದೊಂದೇ ಭಾಗ ಬಿಡಿಸಿದೆ. ಕಮಾನಿನದನ್ನು ಕೊನೆಗೆ ಇಟ್ಟುಕೊಂಡೆ. ಎಳೆದಾಗ ಕುಂಕುಮ ಫಿಲಂನ ಅಂಟಿನ ಜೊತೆಗೇ ಎದ್ದು ಬಂತು. ಕೆಳಗೆ ಬಣ್ಣ ನಿನ್ನೆ ಬಳಿದಂತೆ ಬೆಳ್ಳಗೆ, ಒಂದು ಗುರುತಿಲ್ಲ. ಮಾಲೀಕ ನೋಡಿ ಕೈ ಕುಲುಕಿ ಹೋದ.

ಕಿತ್ತ ಫಿಲಂನಲ್ಲಿ ಆ ಬೊಟ್ಟಿದ್ದ ಜಾಗವನ್ನು ರೂಪಾಯಿಯಗಲ ಕತ್ತರಿಸಿಕೊಂಡೆ. ಹಳೇ ಸ್ಕೂಟರನ್ನು ಹೊರಗೆ ಎಳೆದು, ಆ ಬಿಳಿ ಕಾರನ್ನು ತೊಳೆದಷ್ಟೇ ಮುತುವರ್ಜಿಯಿಂದ ತೊಳೆದೆ. ಮುಂದಿನ ಚಕ್ರದ ಮಡ್‌ಗಾರ್ಡಿನ ಮೇಲೆ ಅದನ್ನು ಇಟ್ಟು, ಮೇಲೊಂದು ಹೊಸ ಫಿಲಂ ಕೂರಿಸಿ, ಅಂಚನ್ನು ಉಗುರಿನಿಂದ ಒತ್ತಿದೆ.

“ನಮ್ಮದೇ, ಅಮ್ಮ. ಇದು ನಮ್ಮದೇ ಗಾಡಿ. ತಪ್ಪಾಯ್ತು,” ಅಂದೆ. ಕನ್ನಡದಲ್ಲೇ ಅಂದೆ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.